ಸತ್ತ ಮೀನಿನ ಆರೋಗ್ಯ ಪತ್ರ

ಹೆಪ್ಪುಗಟ್ಟಿಸಿದ ಮೀನು ಭಾರತದ ಬಂದರು ಮುಟ್ಟುವ ಮೊದಲೇ ಅದರ ಕಾಗದಪತ್ರ ಸಿದ್ಧವಿರಬೇಕು. ಚೆನ್ನೈ ಬಂದರಿನ ಕ್ಲಿಯರಿಂಗ್ ಏಜೆಂಟನೊಬ್ಬ ಬೆಂಗಳೂರಿನ ಹೊಸ ಆಮದುದಾರನಿಗೆ ಈ ಪಾಠ ಹೇಳುವ ಬಗೆ ಹೀಗೆ:

“ಸ್ಯಾನಿಟರಿ ಪರ್ಮಿಟ್ ತಗೊಂಡಿದ್ದೀರಾ ಸಾರ್?”

“ನಾರ್ವೆ ಸಾಲ್ಮನ್ ರೀ, ಅದಕ್ಯಾಕೆ ಪರ್ಮಿಟ್?”

“ಕೇಂದ್ರದ ಮೀನುಗಾರಿಕೆ ಇಲಾಖೆ ಕೊಡುತ್ತೆ. ಮಾಲು ಹೊರಡುವ ಮೊದಲೇ ಬೇಕು. ಜೊತೆಗೆ ಆ ದೇಶದ ಸರ್ಕಾರದ ಆರೋಗ್ಯ ಪ್ರಮಾಣಪತ್ರ.”

“ಸತ್ತ ಮೀನಿಗೆ ಆರೋಗ್ಯ!”

ನಗು ಬಂದರೂ ನಿಯಮ ಹುಚ್ಚಿನದಲ್ಲ. ಸೀಗಡಿಯ ಬಿಳಿಚುಕ್ಕೆ ರೋಗದ ವೈರಸ್ ಫ್ರೀಜರಿನ ಚಳಿಗೆ ಸಾಯುವುದಿಲ್ಲ. ಅಡುಗೆಮನೆಗೆ ಬಂದ ಸೀಗಡಿ ಗಾಳದ ಎರೆಯಾಗಿ ನೀರಿಗೆ ಬಿದ್ದರೆ ಸಾಕು, ರೋಗ ಹರಡಬಹುದು. ಆದ್ದರಿಂದಲೇ ಬಂದರಿನಲ್ಲಿ ಕ್ವಾರಂಟೈನ್ ಅಧಿಕಾರಿಗಳ ತಪಾಸಣೆ, ಆಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ ಸ್ಯಾಂಪಲ್.

“ಡಬ್ಬದ ಮೇಲೆ ಮಾಂಸಾಹಾರದ ಗುರುತಿಲ್ಲವಲ್ಲ ಸಾರ್?”

“ಮೀನಿನ ಚಿತ್ರವೇ ಇದೆ!”

“ಚಿತ್ರ ನಡೆಯಲ್ಲ. ಚೌಕದೊಳಗೆ ಕಂದು ತ್ರಿಕೋನ ಬೇಕು. ನಿಮ್ಮ ಲೈಸೆನ್ಸ್ ನಂಬರೂ ಬೇಕು. ಸದ್ಯ, ಇವೆರಡನ್ನೂ ಗೋದಾಮಿನಲ್ಲೇ ಸ್ಟಿಕರ್ ಹಚ್ಚಿ ಸರಿಪಡಿಸಬಹುದು. ತಯಾರಿಕೆಯ ದಿನಾಂಕವೇ ಇಲ್ಲದಿದ್ದರೆ ಸ್ಟಿಕರ್ ಉಳಿಸಲ್ಲ.”

“ತೂಕ ಸರಿಯಾಗಿದೆ ತಾನೆ?”

“ಮೇಲಿನ ಐಸ್ ಪದರ ಬಿಟ್ಟು ಲೆಕ್ಕ ಹಾಕಿದ್ದರೆ ಸರಿ. ನೀರನ್ನು ಮೀನಿನ ರೇಟಿಗೆ ಮಾರೋ ಹಾಗಿಲ್ಲ.”

ಆಮದುದಾರ ಇಲ್ಲಿ ಮಾತ್ರ ಮೌನ.

ಸ್ಯಾಂಪಲಿನ ವರದಿ ಬರುವವರೆಗೆ ಕಂಟೇನರ್ –18 ಡಿಗ್ರಿ ಸೆಲ್ಸಿಯಸ್‌ನಲ್ಲೇ ನಿಂತಿರಬೇಕು. ಅದರ ಕರೆಂಟು, ಬಾಡಿಗೆ ಎರಡೂ ಆಮದುದಾರನ ಲೆಕ್ಕಕ್ಕೆ.