ಪ್ಲಗ್ ಪಂಡಿತರು

ಶಿರಾ ತಾಲ್ಲೂಕಿನ ಗೌಡಗೆರೆ ಹೋಬಳಿಯಲ್ಲಾಗಲಿ, ಮಧುಗಿರಿ, ಪಾವಗಡ, ಕೊರಟಗೆರೆಯ ಪೇಟೆಬೀದಿಗಳಲ್ಲಾಗಲಿ, ಹಳೇ ಯೆಜ್ಡಿ ಬೈಕು ಒಂದು ಬದುಕಿದೆ ಎಂದರೆ ಅದರ ಹಿಂದೆ ಪ್ಲಗ್ ಪಂಡಿತರೊಬ್ಬರು ಬದುಕಿದ್ದಾರೆ ಎಂದೇ ಲೆಕ್ಕ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು, ಪಂಡಿತರು ಹಾಕಲಿಲ್ಲ. ಇವರನ್ನು ಗುರುತಿಸುವುದು ಸುಲಭ. ಅಂಗಿಯ ಜೇಬಿನಲ್ಲಿ ಪೆನ್ನಿರುವ ಜಾಗದಲ್ಲಿ ಬೆಂಕಿಪೊಟ್ಟಣ, ಪೊಟ್ಟಣದೊಳಗೆ ಹತ್ತಿಯಲ್ಲಿ ಸುತ್ತಿದ ಸ್ಪಾರ್ಕ್ ಪ್ಲಗ್. ಬೈಕು ಸ್ಟಾರ್ಟ್ ಆಗುತ್ತಿಲ್ಲ ಎಂದು ಯಾರಾದರೂ ಗೊಣಗಿದರೆ ಸಾಕು, ಪೆಟ್ರೋಲ್ ಇದೆಯೇ ಎಂದು ಕೇಳುವುದಕ್ಕೂ ಮೊದಲೇ ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿದಿರುತ್ತಾರೆ. ಕಪ್ಪಗೆ ಎಣ್ಣೆ ಜಿನುಗಿದ್ದರೆ ತುಟಿ ಕೊಂಕಿಸುತ್ತಾರೆ, ಸುಣ್ಣದಂತೆ ಬೆಳ್ಳಗಿದ್ದರೆ ಉಸಿರು ಬಿಡುತ್ತಾರೆ, ಹುರಿದ ಕಡಲೆಕಾಯಿ ಸಿಪ್ಪೆಯ ಬಣ್ಣವಿದ್ದರೆ ಮಾತ್ರ ತಲೆದೂಗುತ್ತಾರೆ. ಬಣ್ಣ ಸರಿಯಿದ್ದರೂ ಪ್ಲಗ್ ಬದಲಾಯಿಸಲು ಹೇಳುತ್ತಾರೆ ಎನ್ನುವುದು ಬೇರೆ ಮಾತು.

ಇವರನ್ನು ನೋಡಿ ನಗುವವರು ಒಂದು ವಿಷಯ ಮರೆಯುತ್ತಾರೆ. ಪ್ಲಗ್ ಬಗ್ಗೆ ತಲೆ ಕೆಡಿಸಿಕೊಳ್ಳುವುದಕ್ಕೆ ಕಾರಣವೇನೋ ಇದೆ. ಪ್ಲಗ್ಗಿನ ತುದಿ ಹೆಚ್ಚುಕಡಿಮೆ 450ರಿಂದ 850 ಡಿಗ್ರಿ ಸೆಲ್ಸಿಯಸ್ ಒಳಗೇ ಇರಬೇಕು. ಅದಕ್ಕಿಂತ ತಣ್ಣಗಾದರೆ ಮಸಿ ತಾನಾಗಿ ಸುಟ್ಟುಹೋಗುವುದಿಲ್ಲ, ಕಿಡಿ ಸೋರಿಹೋಗುತ್ತದೆ. ಮೀರಿ ಕಾದರೆ ಕಿಡಿ ಬರುವ ಮೊದಲೇ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್ನಿಗೇ ತೂತು ಬೀಳಬಹುದು. ಎರಡು ಸ್ಟ್ರೋಕಿನ ಯೆಜ್ಡಿಯಲ್ಲಿ ಕ್ರ್ಯಾಂಕಿನ ಪ್ರತಿ ಸುತ್ತಿಗೂ ಪ್ಲಗ್ ಹೊಡೆಯಬೇಕು, ನಿಮಿಷಕ್ಕೆ 4000 ಸುತ್ತಾದರೆ 4000 ಕಿಡಿ. ಜೊತೆಗೆ ಪೆಟ್ರೋಲಿನಲ್ಲೇ ಬೆರೆಸಿದ ಆಯಿಲ್ಲೂ ಅದರ ಮುಂದೆಯೇ ಉರಿಯಬೇಕು. ಜಪಾನಿನ ಮಜ್ದಾ ಕಂಪನಿಯ ಆರ್‌ಎಕ್ಸ್-7 ಎಂಬ ರೋಟರಿ ಎಂಜಿನ್ನಿನ ಕಾರಿಗೂ ಇದೇ ಹಣೆಬರಹ. ಅದು ಮಾರುಕಟ್ಟೆಗೆ ಬಂದದ್ದು ನಮ್ಮ ಯೆಜ್ಡಿ ರೋಡ್‌ಕಿಂಗ್ ಬಂದ 1978ರಲ್ಲೇ. ಅಲ್ಲಿಯೂ ಒಳಗೆ ಆಯಿಲ್ ಉರಿಯುತ್ತದೆ, ಶಾಫ್ಟಿನ ಸುತ್ತಿಗೊಂದು ಕಿಡಿ ಬೇಕು; ಸಾಲದ್ದಕ್ಕೆ ಪ್ರತಿ ರೋಟರಿಗೆ ಎರಡು ಪ್ಲಗ್, ಒಂದು ಮುಂದಾಳು, ಇನ್ನೊಂದು ಹಿಂಬಾಲಕ. ಕೊನೆಯ ಆರ್‌ಎಕ್ಸ್-7ರಲ್ಲಂತೂ ಈ ಎರಡರ ಶಾಖದ ನಂಬರೇ, ಅಂದರೆ ಪ್ಲಗ್ ಎಷ್ಟು ಬೇಗ ಶಾಖ ಬಿಟ್ಟುಕೊಡುತ್ತದೆ ಎಂಬ ಗುರುತೇ, ಬೇರೆ. ನಮ್ಮ ಪಂಡಿತರ ಕೈಗೆ ಅಂಥ ಕಾರು ಸಿಕ್ಕದೇ ಇದ್ದದ್ದು ಕಾರಿನ ಪುಣ್ಯ.

ಪಂಡಿತರು ಎಡವುವುದು ಈ ಶಾಖದ ನಂಬರಿನಲ್ಲಿ; ಪ್ಲಗ್ ಕಂಪನಿಗೊಂದು ಲೆಕ್ಕ. ಎನ್‌ಜಿಕೆಯಲ್ಲಿ ಅಂಕಿ ಏರಿದಂತೆ ಪ್ಲಗ್ ತಣ್ಣಗಾಗುತ್ತದೆ, ಚಾಂಪಿಯನ್‌ನಲ್ಲಿ ಬಿಸಿಯಾಗುತ್ತದೆ. ಬೆಂಗಳೂರಿನ ಆಡುಗೋಡಿಯ ಮೈಕೋ, ಅಂದರೆ ಈಗಿನ ಬಾಷ್, ಹಳೇ ಕಾಲದಲ್ಲಿ 175, 225 ಎಂದು ಬರೆಯುತ್ತಿತ್ತು, ದೊಡ್ಡ ಅಂಕಿ ತಣ್ಣನೆಯದು. ಆಮೇಲೆ ಲೆಕ್ಕವನ್ನೇ ತಿರುವುಮುರುವು ಮಾಡಿ ಚಿಕ್ಕ ಅಂಕಿಯನ್ನು ತಣ್ಣನೆಯದು ಮಾಡಿತು. ಒಂದೇ ಕಂಪನಿಯ ಅಪ್ಪ ಒಂದು ಭಾಷೆ, ಮಗ ಇನ್ನೊಂದು ಭಾಷೆ. ಪಂಡಿತರು ಈ ನಾಲ್ಕೂ ಲೆಕ್ಕಗಳನ್ನು ಒಂದೇ ತಲೆಯಲ್ಲಿ ಇಟ್ಟುಕೊಂಡು, ಅಂಗಡಿ ಕಟ್ಟೆಯ ಮೇಲೆ ನಿಂತು 'ಒಂದು ಪಾಯಿಂಟ್ ಏರಿಸಿ ಕೊಡಿ' ಎನ್ನುತ್ತಾರೆ. ಯಾವ ಕಡೆಗೆ ಏರಿಸಬೇಕು ಎಂದು ಕೇಳಲು ಅಂಗಡಿಯವನಿಗೆ ಧೈರ್ಯವಿಲ್ಲ. ಹಾಗೆಂದು ಪಂಡಿತರ ಕೈಕಸುಬನ್ನು ಅಲ್ಲಗಳೆಯುವಂತಿಲ್ಲ. ಪ್ಲಗ್ಗಿನ ಗ್ಯಾಪನ್ನು ಅವರು ಮುರಿದ ಹ್ಯಾಕ್ಸಾ ಬ್ಲೇಡಿನಿಂದ ಅಳೆಯುವುದನ್ನು ಕಂಡು ಪಾಲಿಟೆಕ್ನಿಕ್ ಹುಡುಗರು ಮುಸಿಮುಸಿ ನಗುತ್ತಾರೆ. ಆ ಬ್ಲೇಡಿನ ದಪ್ಪ ಸುಮಾರು 0.6 ಮಿ.ಮೀ., ಗ್ಯಾಪ್ ಇರಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ.

ಪಂಡಿತರ ಪರವಾಗಿ ಒಂದು ವಾದವಿದೆ: ಹೊಸ ಪ್ಲಗ್ ಹಾಕಿದೊಡನೆ ಗಾಡಿ ಒಂದೇ ಕಿಕ್ಕಿಗೆ ಗುಡುಗುತ್ತದಲ್ಲ, ಇನ್ನೇನು ಸಾಕ್ಷಿ ಬೇಕು? ಗುಡುಗುತ್ತದೆ, ನಿಜ. ಮಸಿ ಹಿಡಿದದ್ದನ್ನು ತೆಗೆದು ಚೊಕ್ಕವಾದದ್ದನ್ನು ಹಾಕಿದರೆ ಯಾವ ನಂಬರಿನದಾದರೂ ಗುಡುಗುತ್ತದೆ. ಆಯಿಲ್ ಅಳತೆ ಮೀರಿದ್ದರೆ, ಕಿಡಿಗಾಗಿ ಕರೆಂಟು ಕಡಿಯುವ ಪ್ಲಾಟಿನಂ ಪಾಯಿಂಟ್ ಸವೆದಿದ್ದರೆ ಹತ್ತು ದಿನಕ್ಕೆ ಮತ್ತೆ ಅದೇ ಕಪ್ಪು. ಆಗ ಪಂಡಿತರು ಇನ್ನೂ ಬಿಸಿ ಪ್ಲಗ್ ಬರೆದುಕೊಡುತ್ತಾರೆ, ನಾಡಿ ಸರಿಯಿಲ್ಲವೆಂದು ನಾಡಿಯನ್ನೇ ಬದಲಾಯಿಸುವ ವೈದ್ಯರಂತೆ. ದುಬಾರಿ ಇರಿಡಿಯಂ ಪ್ಲಗ್ ಹಾಕಿಸಿದರೂ ಎಣ್ಣೆ ಅದರ ಬೆಲೆ ಕೇಳಿ ಹಿಂದೆ ಸರಿಯುವುದಿಲ್ಲ.

ಈಗಿನ ಪೆಟ್ರೋಲಿಗೆ ಹಳೇ ನಂಬರು ಆಗಿಬರುವುದಿಲ್ಲ ಎನ್ನುವುದು ಇನ್ನೊಂದು ವಾದ, ಇದರಲ್ಲಿ ಹುರುಳಿದೆ. ಪೆಟ್ರೋಲಿಗೆ ಈಗ ಬೆರೆಸುವ ಶೇ 20ರ ಎಥನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಹಳೇ ಕಾರ್ಬುರೇಟರಿನ ಮಿಶ್ರಣ ತೆಳುವಾಗುತ್ತದೆ, ಪ್ಲಗ್ ಬೆಳ್ಳಗಾಗುತ್ತದೆ. ಆದರೆ ಅದಕ್ಕೆ ಮದ್ದು ಕಾರ್ಬುರೇಟರಿನ ಜೆಟ್ಟಿನಲ್ಲಿದೆ. ಶಿರಾದ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಒಂದೇ ಸಮ ಎಳೆಯುವವನಿಗೆ ಒಂದು ಮೆಟ್ಟಿಲು ತಣ್ಣನೆಯ ಪ್ಲಗ್ ಒಪ್ಪೀತು. ಸಂತೆಗೆ ಹೋಗಿ ಬರುವ ಗಾಡಿಗೆ ಅದನ್ನೇ ಹಾಕಿದರೆ ವಾಪಸ್ಸು ಬರುವಾಗ ತಳ್ಳಿಕೊಂಡೇ ಬರಬೇಕು. ಮಿಕ್ಕವರಿಗೆಲ್ಲ ಗಾಡಿಯ ಪುಸ್ತಕದಲ್ಲಿ ಅಚ್ಚಾದ ನಂಬರು ಸಾಕು. ಪುಸ್ತಕ ಗೆದ್ದಲಿಗೆ ಹೋಗಿದ್ದರೆ ಅದಕ್ಕೆ ಸಮನಾದ ಇಂದಿನ ನಂಬರನ್ನು ಕಂಪನಿಯ ಪಟ್ಟಿ ನೋಡಿ ತರಬಹುದು.

ಯೆಜ್ಡಿ ಇಟ್ಟುಕೊಂಡವರಲ್ಲಿ ಅರಿಕೆ ಇಷ್ಟೇ: ಪಂಡಿತರನ್ನು ಬಿಡಬೇಡಿ. ಪ್ಲಗ್ ಬಿಚ್ಚಲಿ, ಬಿಸಿಲಿಗೆ ಹಿಡಿಯಲಿ, ಬಣ್ಣ ಹೇಳಲಿ. ಬಣ್ಣದ ವಿಷಯದಲ್ಲಿ ಅವರು ತಪ್ಪುವುದು ಅಪರೂಪ. ಅವರು ಬೆಂಕಿಪೊಟ್ಟಣಕ್ಕೆ ಕೈ ಹಾಕಿದಾಗ ಮಾತ್ರ ಒಂದು ಟೀ ಹೇಳಿ, ಅದೇ ಹಳೇ ಪ್ಲಗ್ಗನ್ನು ಒರೆಸಿ ಹಾಕಿ, ಕಾರ್ಬುರೇಟರ್ ಬಿಚ್ಚಿಸಿ.