ನೂರಕ್ಕೆ ನೂರು, ಷರತ್ತುಗಳು ಅನ್ವಯ

ಬಿಟಿಎಂ ಲೇಔಟಿನಿಂದ ಮಾರತ್ತಹಳ್ಳಿಯವರೆಗಿನ ಬೆಸ್ಕಾಂ ಕಂಬಗಳಿಗೆ ತಂತಿ ಹೊರುವುದು ಈಗ ಉಪಕಸುಬು. ಮುಖ್ಯ ಕಸುಬು ಉನ್ನತ ಶಿಕ್ಷಣ. ಒಂದೇ ಕಂಬದಲ್ಲಿ ಪಿಜಿ ರೂಮು, ಮೂಲವ್ಯಾಧಿಗೆ ಔಷಧಿ, ಫುಲ್ ಸ್ಟ್ಯಾಕ್ ಕೋರ್ಸು ಮೂರೂ ಸಿಗುತ್ತವೆ. ಮೂರಕ್ಕೂ ಗ್ಯಾರಂಟಿ ಉಂಟು.

ಈ ಕೋಡಿಂಗ್ ಬೂಟ್‌ಕ್ಯಾಂಪುಗಳನ್ನು ಬೈಯುವ ಮೊದಲು ನಮ್ಮ ಎಂಜಿನಿಯರಿಂಗ್ ಕಾಲೇಜುಗಳಿಗೊಂದು ದೊಡ್ಡ ನಮಸ್ಕಾರ ಹಾಕಬೇಕು. ಅವರು ನಾಲ್ಕು ವರ್ಷ ಶ್ರದ್ಧೆಯಿಂದ ಏನನ್ನೂ ಕಲಿಸದೆ ಕಾಪಾಡಿದ್ದರಿಂದಲೇ ಇವರಿಗೆ ಆರು ತಿಂಗಳಲ್ಲಿ ಕಲಿಸಲು ಇಷ್ಟೊಂದು ಉಳಿದಿದೆ. ಸೀನಿಯರ್‌ನ ಪ್ರೋಗ್ರಾಮನ್ನು ಅವನ ಸ್ಪೆಲಿಂಗ್ ತಪ್ಪಿನ ಸಮೇತ ಲ್ಯಾಬ್ ರೆಕಾರ್ಡಿಗೆ ಇಳಿಸಿ ಫಸ್ಟ್ ಕ್ಲಾಸ್ ಪಡೆದ ಹುಡುಗ, ತಾನೇ ಬರೆದ ಕೋಡು ಓಡದೆ ನಿಲ್ಲುವುದನ್ನು ಮೊದಲ ಸಲ ಕಾಣುವುದು ಇಲ್ಲೇ. ಕೆಂಪಕ್ಷರದ ಎರರ್ ಬಂದರೆ ಕಿಟಕಿ ಮುಚ್ಚಬಾರದು, ಓದಬೇಕು ಎಂದು ಅವನಿಗೆ ಯಾರೋ ಹೇಳುವುದೂ ಇಲ್ಲೇ. ಬಿಕಾಂ ಮಾಡಿ ಟ್ಯಾಲಿಯಲ್ಲಿ ವೋಚರ್ ಹೊಡೆಯುತ್ತಿದ್ದ ಹುಡುಗಿಯೂ ಈ ಬಾಗಿಲಿನಿಂದ ಐಟಿಗೆ ದಾಟಿದ್ದುಂಟು. ಪಾಠವೇನೋ ಯೂಟ್ಯೂಬಿನಲ್ಲಿ ಪುಕ್ಕಟೆ ಬಿದ್ದಿದೆ. ಫೀಸು ಪಾಠಕ್ಕಲ್ಲ, ಬೆಳಿಗ್ಗೆ ಒಂಬತ್ತಕ್ಕೆ ಕೂರಿಸಿ ಬೆನ್ನುಬಿದ್ದು ಮಾಡಿಸುವುದಕ್ಕೆ. ಸ್ವಂತ ಶಿಸ್ತು ಇಲ್ಲದವರಿಗೆ ಬಾಡಿಗೆ ಶಿಸ್ತು. ಅದಕ್ಕೆ ಬೆಲೆ ಇದ್ದೇ ಇದೆ.

ಆದರೆ ಕ್ಯಾಂಪು ಮಾರುವುದು ಶಿಸ್ತನ್ನಲ್ಲ, ಒಂದು ಸಂಖ್ಯೆಯನ್ನು. ಅದರ ಮಾರಾಟ ಕೌನ್ಸೆಲಿಂಗ್ ಎಂಬ ಎಸಿ ಕೋಣೆಯಲ್ಲಿ. ಗೋಡೆ ತುಂಬ ಆಫರ್ ಲೆಟರ್ ಹಿಡಿದ ನಗುಮುಖಗಳು. ಎದುರಿಗೆ ಹಾಸನದ ಕಡೆಯಿಂದ ರಾತ್ರಿ ಬಸ್ಸು ಹತ್ತಿ ಬಂದ ಅಪ್ಪ, ಪಕ್ಕದಲ್ಲಿ ಮಾರ್ಕ್ಸ್‌ಕಾರ್ಡ್ ಫೈಲು ಹಿಡಿದ ಮಗ.

"ಕೆಲಸ ಕೊಡುಸ್ತೀರೇನಮ್ಮಾ?"

"ಹಂಡ್ರೆಡ್ ಪರ್ಸೆಂಟ್ ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್ ಅಂಕಲ್."

"ಹೋದ ಸಲ ಎಷ್ಟು ಜನ ಸೇರಿದ್ರು, ಎಷ್ಟು ಜನಕ್ಕೆ ಸಿಕ್ತು?"

"ಎಲಿಜಿಬಲ್ ಇದ್ದೋರಿಗೆಲ್ಲಾ ಸಿಕ್ಕಿದೆ ಅಂಕಲ್."

ಈ ಎಲಿಜಿಬಲ್ ಎಂಬುವರು ಯಾರು? ನಲವತ್ತು ಜನ ಸೇರಿದರು ಅನ್ನಿ. ಹತ್ತು ಜನ ಅರ್ಧಕ್ಕೆ ಬಿಟ್ಟರು, ಅವರು ಲೆಕ್ಕಕ್ಕಿಲ್ಲ. ಹನ್ನೆರಡು ಜನ ಮಾಕ್ ಇಂಟರ್‌ವ್ಯೂನಲ್ಲಿ ಫೇಲು. ಅವರು ಎಲಿಜಿಬಲ್ ಅಲ್ಲ. ಆರು ಜನ ಫೋನ್ ಎತ್ತಲಿಲ್ಲ, ಅವರಿಗೆ ಆಸಕ್ತಿಯಿಲ್ಲ. ಉಳಿದ ಹನ್ನೆರಡರಲ್ಲಿ ಹತ್ತು ಜನಕ್ಕೆ ಕೆಲಸ ಸಿಕ್ಕಿತು. ಇನ್ನಿಬ್ಬರನ್ನು ಕ್ಯಾಂಪೇ ಮುಂದಿನ ಬ್ಯಾಚಿಗೆ ಟೀಚಿಂಗ್ ಅಸಿಸ್ಟೆಂಟ್ ಮಾಡಿಕೊಂಡಿತು. ತಗೊಳ್ಳಿ, ನೂರಕ್ಕೆ ನೂರು! ಸುಳ್ಳು ಎಲ್ಲೂ ಇಲ್ಲ. ಛೇದವನ್ನು ಮಾತ್ರ ಊರು ಬಿಡಿಸಿದ್ದಾರೆ.

ಈ ವಿದ್ಯೆ ನಮ್ಮದೇ ಎಂದು ಬೀಗಬೇಕಾಗಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2012ರಲ್ಲಿ ಶುರುವಾಗಿ ಈ ಧಂದೆಗೆ ದಾರಿ ತೋರಿದ ಡೆವ್ ಬೂಟ್‌ಕ್ಯಾಂಪ್, 2017ರಲ್ಲಿ ಬಾಗಿಲು ಹಾಕುವುದಾಗಿ ಹೇಳಿತು. ಅದೇ ವರ್ಷ ಹುಟ್ಟಿದ ಲ್ಯಾಂಬ್ಡಾ ಸ್ಕೂಲು ಇನ್ನೂ ಉದಾರಿ: ಈಗ ಫೀಸು ಬೇಡ, ಕೆಲಸ ಸಿಕ್ಕ ಮೇಲೆ ಸಂಬಳದಲ್ಲಿ 17 ಪರ್ಸೆಂಟ್ ಕೊಡಿ, ಇದು ಸಾಲವೇ ಅಲ್ಲ! ಕೆಲಸ ಸಿಕ್ಕವರು ನೂರಕ್ಕೆ 71ರಿಂದ 86 ಎಂದು ಜಾಹೀರಾತು ಬೇರೆ. 2024ರಲ್ಲಿ ಅಮೆರಿಕದ ಗ್ರಾಹಕ ಹಣಕಾಸು ರಕ್ಷಣಾ ಬ್ಯೂರೋ ಕಡತ ಬಿಚ್ಚಿದಾಗ ಒಳಗಿನ ಲೆಕ್ಕ 50ರ ಆಸುಪಾಸಿನಲ್ಲಿತ್ತು, ಒಮ್ಮೊಮ್ಮೆ 30ಕ್ಕೂ ಇಳಿದಿತ್ತು. ಸಾಲವಲ್ಲದ್ದು ಅಪ್ಪಟ ಸಾಲವಾಗಿತ್ತು. 'ನಿಮಗೆ ಕೆಲಸ ಸಿಕ್ಕರೆ ಮಾತ್ರ ನಮಗೆ ದುಡ್ಡು' ಎಂದವರು ವಿದ್ಯಾರ್ಥಿಗಳ ಕರಾರುಪತ್ರಗಳನ್ನು ಹೂಡಿಕೆದಾರರಿಗೆ ಮೊದಲೇ ಮಾರಿ ಕೈತೊಳೆದುಕೊಂಡಿದ್ದರು. ಗ್ರಾಹಕರಿಗೆ ಸಾಲ ಕೊಡುವ ವ್ಯವಹಾರದಿಂದ ಅವರಿಗೆ ಶಾಶ್ವತ ನಿಷೇಧ ಬಿತ್ತು.

ನಮ್ಮಲ್ಲಿ ಅಷ್ಟೆಲ್ಲ ನಾಜೂಕು ಬೇಡ, ಇಎಂಐ ಸಾಕು. ಫೈನಾನ್ಸ್ ಕಂಪನಿ ಕ್ಯಾಂಪಿಗೆ ದುಡ್ಡು ಕೊಡುತ್ತದೆ, ಹುಡುಗ ಫೈನಾನ್ಸ್ ಕಂಪನಿಗೆ ಕಟ್ಟುತ್ತಾನೆ. ಅವನು ಕ್ಲಾಸು ಬಿಟ್ಟರೂ ಕಂತು ಅವನನ್ನು ಬಿಡುವುದಿಲ್ಲ. ಕೋರ್ಸು ಮುಗಿಯುವ ಹೊತ್ತಿಗೆ ಅವನ ರೆಸ್ಯೂಮೆಯಲ್ಲಿ ಒಂದು ಟು-ಡೂ ಲಿಸ್ಟು, ಒಂದು ಹವಾಮಾನದ ಆ್ಯಪು, ಒಂದು ನೆಟ್‌ಫ್ಲಿಕ್ಸ್ ನಕಲು. ಪಕ್ಕದವನದ್ದೂ ಅದೇ, ಹಿಂದಿನ ಬೆಂಚಿನವಳದ್ದೂ ಅದೇ. ಎಚ್‌ಆರ್‌ನವರ ಇನ್‌ಬಾಕ್ಸಿನಲ್ಲಿ ಪ್ರೇಕ್ಷಕರಿಗಿಂತ ನೆಟ್‌ಫ್ಲಿಕ್ಸ್‌ಗಳೇ ಜಾಸ್ತಿ. ಈಗಂತೂ ಅದೇ ಟು-ಡೂ ಲಿಸ್ಟನ್ನು ಎಐ ಒಂದೇ ನಿಮಿಷದಲ್ಲಿ ಬರೆದು ಬಿಸಾಕುತ್ತದೆ. ಕ್ಯಾಂಪುಗಳು ಇದಕ್ಕೆ ಹೆದರಿದವೇ? ಛೆ! ಸಿಲಬಸ್ ಹಾಗೇ ಇಟ್ಟು ಬೋರ್ಡಿಗೆ 'ವಿತ್ ಎಐ' ಸೇರಿಸಿದವು. ಫೀಸಿಗೂ ಅಷ್ಟು ಸೇರಿತು.

ಹಾಗಾದರೆ ಸೇರಬಾರದೇ? ಸೇರಿ. ಹುಡುಗರಿಗೆ ಪ್ರವೇಶ ಪರೀಕ್ಷೆ ಇಡುವ ಕ್ಯಾಂಪಿಗೆ ನೀವೂ ಒಂದು ಪರೀಕ್ಷೆ ಇಟ್ಟು ಸೇರಿ. ನಾಲ್ಕೇ ಪ್ರಶ್ನೆ: ಹೋದ ಬ್ಯಾಚಿಗೆ ಸೇರಿದವರೆಷ್ಟು? ಕೋಡು ಬರೆಯುವ ಕೆಲಸ ಸಿಕ್ಕಿದ್ದು ಎಷ್ಟು ಜನಕ್ಕೆ? ಎಷ್ಟು ತಿಂಗಳಿಗೆ, ಎಷ್ಟು ಸಂಬಳಕ್ಕೆ? ಅರ್ಧಕ್ಕೆ ಬಿಟ್ಟರೆ ಸಾಲ ಯಾರ ತಲೆಗೆ? ಉತ್ತರ ಲೆಟರ್‌ಹೆಡ್ಡಿನ ಮೇಲೆ, ಸಹಿ ಸೀಲು ಸಮೇತ ಬರಬೇಕು. ಅದರ ಬದಲು "ಇವತ್ತೇ ಕಟ್ಟಿದ್ರೆ ಡಿಸ್ಕೌಂಟು, ಆಫರ್ ಸಂಜೆವರೆಗೆ ಮಾತ್ರ ಅಂಕಲ್" ಎಂಬ ಉತ್ತರ ಬಂದರೆ, ಮಗನ ಫೈಲು ಎತ್ತಿಕೊಂಡು ಎದ್ದು ನಿಂತು ಹೇಳಿ: "ನೀವು ಎಲಿಜಿಬಲ್ ಅಲ್ಲಮ್ಮ."