ಫೋನ್ ಎತ್ತಿದವನ ಪದೋನ್ನತಿ

ಹಬ್ಬಕ್ಕೆ ಬಂದ ಸೋದರಳಿಯನನ್ನು ಮಾವ ಜಗುಲಿಯಲ್ಲೇ ಹಿಡಿದರು.

"ಓದಿದ್ದು ಮೆಕ್ಯಾನಿಕಲ್. ಈಗ ಮಾಡ್ತಿರೋದೇನೋ?"

"ಮೊದಲು ಕಾಲ್ ಸೆಂಟರ್‌ನಲ್ಲಿ ಫೋನ್ ಎತ್ತುತ್ತಿದ್ದೆ ಮಾವ. ಚೆನ್ನಾಗಿ ಮಾತಾಡ್ತೀಯ ಅಂತ ಟ್ರೈನಿಂಗಿಗೆ ಹಾಕಿದ್ರು. ಆಮೇಲೆ ಎಚ್‌ಆರ್. ಈಗ ಪೀಪಲ್ ಮ್ಯಾನೇಜರ್."

"ಅಂದ್ರೆ ಜನ ಕಾಯೋದು. ನಿಮ್ಮ ತಾತ ಎಮ್ಮೆ ಕಾಯ್ತಿದ್ದ. ಪವರ್‌ಪಾಯಿಂಟ್ ಬೇಕಾಗ್ತಿರಲಿಲ್ಲ."

"ಇದಕ್ಕೂ ಶಾಸ್ತ್ರ ಇದೆ ಮಾವ. ತರಬೇತೀನ ನಾಲ್ಕು ಹಂತದಲ್ಲಿ ಅಳೀಬೇಕು ಅಂತ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ಬರೆದಿದ್ದಾರೆ. ಕೂತವರಿಗೆ ಹಿಡಿಸಿತಾ, ಕಲಿತರಾ, ಕೆಲಸದ ರೀತಿ ಬದಲಾಯ್ತಾ, ಕಂಪನಿಗೆ ಫಲ ಸಿಕ್ತಾ."

"ನೀವು ಎಷ್ಟು ಅಳೀತೀರಿ?"

"ಮೊದಲನೇದು. ಸಂಜೆ ಫಾರಂ ಹಂಚ್ತೀವಿ. ಕಳೆದ ಸಲ 30 ಜನರಲ್ಲಿ 22 ಮಂದಿ ಗೋಬಿ ಮಂಚೂರಿ ಚೆನ್ನಾಗಿತ್ತು ಅಂತ ಬರೆದಿದ್ರು."

"ಉಳಿದವರು?"

"ಎಸಿ ಜಾಸ್ತಿ ಆಯ್ತಂತೆ."

"ಅಷ್ಟಕ್ಕೂ ಪಾಠ ಏನು?"

"ಟೀಂ ಕಟ್ಟೋದು. 20 ಸ್ಪಾಗೆಟ್ಟಿ ಕಡ್ಡಿ, ಒಂದು ಗಜ ಟೇಪು, ಒಂದು ಗಜ ದಾರ. 18 ನಿಮಿಷದಲ್ಲಿ ಗೋಪುರ ಕಟ್ಟಿ ತುದೀಲಿ ಮಾರ್ಷ್‌ಮ್ಯಾಲೊ ಇಡಬೇಕು."

"ನಿಂತಿತಾ?"

"ಲೀಡರ್ ಯಾರು ಅನ್ನೋದು ತೀರ್ಮಾನ ಆಗೋಷ್ಟರಲ್ಲಿ 15 ನಿಮಿಷ ಹೋಯ್ತು. ಈ ಆಟದಲ್ಲಿ ಶಿಶುವಿಹಾರದ ಮಕ್ಕಳು ಎಂಬಿಎಯವರನ್ನ ಸೋಲಿಸಿದ್ದಾರೆ ಮಾವ."

ಮಾವ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು: "ಮುಂದೆ?"

"ನಮ್ಮ ವಿಭಾಗ ಮುಚ್ತಿದ್ದಾರೆ. ಸೋಮವಾರ ಎಲ್ಲರಿಗೂ ತರಬೇತಿ, 'ಬದಲಾವಣೆಯನ್ನು ನಗುತ್ತಾ ಸ್ವೀಕರಿಸಿ' ಅಂತ."

"ಕೊಡೋರು ಯಾರು?"

"ನಾನೇ."